ಒಂದು ಸಾಲು ಕೆಳಗೆ

೩೧ ಮೇ ೧೯೯೯, ಸೋಮವಾರ. ಜೇವರ್ಗಿ

ಗುಲ್ಬರ್ಗಾದಿಂದ ಅಬ್ದುಲ್ ಗನಿ ಬಂದು ಆಫೀಸಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಹಾಕಿ ಹೋದ. ಎರಡು ಸಾವಿರದ ಇಸವಿ ಬಂದರೆ ಹಳೆಯ ಕಂಪ್ಯೂಟರುಗಳಿಗೆ ತಾರೀಖು ತಪ್ಪುತ್ತದಂತೆ, ಅದಕ್ಕೆ ಮೊದಲೇ ಎಲ್ಲ ಹೊಸದು ಮಾಡಿರೆಂದು ಸಂಸ್ಥೆಯ ದೊಡ್ಡವರ ಹುಕುಂ. ಅದರ ಜೊತೆಗೇ ನಾನು ಗೋಡೆಯ ಮೇಲೆ ಚಿತ್ರ ತೋರಿಸಿ ಪಾಠ ಮಾಡುವ ಪ್ರೋಗ್ರಾಮನ್ನೂ ಬದಲಾಯಿಸಿದ. "ಇನ್ಮ್ಯಾಲ ನಿಮ್ದು ಎಲ್ಲಾ ಫಸ್ಟ್ ಕ್ಲಾಸ್ ಆಗ್ತದ್ರಿ ಹಣಮಂತರಾಯರ," ಎಂದು ಹೇಳಿ, ಚಹಾ ಕುಡಿದು ಬಸ್ಸಿಗೆ ಹೋದ.

ಅವನು ಹೋದ ಮೇಲೆ ನನ್ನ ಪಾಠ ತೆರೆದರೆ ಒತ್ತಕ್ಷರಗಳೆಲ್ಲ ಉದುರಿ ಹೋಗಿವೆ. ಉಪ್ಪು ಇದ್ದಲ್ಲಿ ಉಪು. ಸಕ್ಕರೆ ಇದ್ದಲ್ಲಿ ಸಕರೆ. ಮಕ್ಕಳು ಮಕಳಾಗಿದ್ದಾರೆ. ಕೆಲವು ಕಡೆ ಅಕ್ಷರವೇ ಇಲ್ಲ, ಖಾಲಿ ಚೌಕಗಳು ಸಾಲಾಗಿ ಕೂತಿವೆ. ಕೂಸಿನ ಚಿತ್ರ ಇದ್ದ ಜಾಗದಲ್ಲಿ ಕೆಂಪು ಬಣ್ಣದ ಕತ್ತರಿ ಗುರುತು.

ತಾಯಂದಿರಿಗೆ ಆರೋಗ್ಯದ ಪಾಠ ಹೇಳುತ್ತ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಕಂಪ್ಯೂಟರ್ ಕಲಿತದ್ದು ಮಾತ್ರ ಮೊನ್ನೆ ಮೊನ್ನೆ, ಐವತ್ತು ದಾಟಿದ ಮೇಲೆ. ಎರಡು ವರ್ಷ ಕೂತು ಒಂದೊಂದೇ ಪುಟ ಕಟ್ಟಿದ ಪಾಠವದು. ಜೂನ್ ಹನ್ನೆರಡಕ್ಕೆ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಇದೆ. ಮಳೆ ಬಿದ್ದ ಕೂಡಲೇ ಹಳ್ಳಿಗಳಲ್ಲಿ ಮಕ್ಕಳಿಗೆ ವಾಂತಿಭೇದಿ ಶುರುವಾಗುತ್ತದೆ. ಸಕ್ಕರೆ-ಉಪ್ಪಿನ ನೀರಿನ ಪಾಠವಾದರೂ ಅಷ್ಟರೊಳಗೆ ಸರಿಯಾಗಬೇಕು.

ಮನೆಗೆ ಬಂದಾಗ ಮನೆಯಾಕೆ ಊಟ ಮುಚ್ಚಿಟ್ಟಿದ್ದಳು.

೩ ಜೂನ್, ಗುರುವಾರ

ಅದೇ ಕೆಲಸ. ಒಂದು ಪುಟ ಸರಿ ಮಾಡಿ, ಮುಚ್ಚಿ, ಮತ್ತೆ ತೆರೆದರೆ ಇನ್ನೊಂದು ಕಡೆ ಕೆಟ್ಟಿರುತ್ತದೆ. ಎಡಗಡೆಯಿಂದ ಮೆಲ್ಲಗೆ ಬರಬೇಕಾದ ಸಾಲು ಮೇಲಿನಿಂದ ಧೊಪ್ಪನೆ ಬೀಳುತ್ತದೆ. ಒಂದು ಪುಟದಲ್ಲಿ ತಾಯಿಯ ಮೇಲೆ ಬೋರಿಂಗ್ ಪಂಪಿನ ಚಿತ್ರ ಬಂದು ಕೂತು, ಆಕೆಯ ತಲೆಯಿಂದಲೇ ನೀರು ಸುರಿಯುವ ಹಾಗೆ ಕಾಣುತ್ತಿತ್ತು.

ನಮ್ಮ ಯೋಜನೆಯ ಮುಖ್ಯಸ್ಥೆ ಶಿವಕಾಂತಾ ಮೇಡಂ ಅದನ್ನು ನೋಡಿ ನಕ್ಕರು. ವಯಸ್ಸಿನಲ್ಲಿ ಚಿಕ್ಕವರು, ಆದರೆ ಕೆಲಸದಲ್ಲಿ ಗಟ್ಟಿ.

"ಮೊದಲ ನಿಮ್ಮ ಹತ್ರ ಬಟ್ಟಿ ಚಾರ್ಟ್ ಇದ್ವಂತಲ್ರಿ? ಅವೇ ತಂದ್ರ ಆಗಂಗಿಲ್ಲೇನು?"

"ಅವನ್ನ ಈಗ ಯಾರ್ ನೋಡ್ತಾರ್ರಿ ಮೇಡಂ," ಎಂದೆ.

ಆ ಚಾರ್ಟುಗಳೆಲ್ಲ ಮನೆಯಾಕೆ ಬರೆದದ್ದು. ಕಂಪ್ಯೂಟರ್ ಬಂದ ವಾರ ನಾನೇ ಅವನ್ನು ಸುತ್ತಿ ಮನೆಗೆ ತಂದಿದ್ದೆ. ಆಕೆ ಡಾಂಬರು ಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಳು.

೮ ಜೂನ್, ಮಂಗಳವಾರ

ಎಸ್‌ಟಿಡಿ ಬೂತಿನಿಂದ ಅಬ್ದುಲ್ ಗನಿಗೆ ಫೋನು ಹಚ್ಚಿದೆ.

"ಹಳೇದು ತಿರುಗಿ ಹಾಕಿಕೊಡಪಾ."

"ಹಳೇದರ ಸೀಡಿ ಇನ್ನೊಂದು ಆಫೀಸಿನ್ಯಾಗ ಅದ್ರಿ. ತರಸ್ಕೋಬೇಕು. ಅಲ್ಲೀತನಕ ಜರಾ ಹಿಂಗೇ ನಡಸ್ರಿ. ಫಿಕರ್ ಮಾಡಬ್ಯಾಡ್ರಿ, ನಿಮ್ಮ ಅಕ್ಷರದ ಫೈಲು ಹೊಸಾದಕ್ಕ ಹೊಂದಲಿಲ್ಲ, ಅಷ್ಟೇ."

ತಿರುಗಿ ಆಫೀಸಿಗೆ ಬಂದರೆ ಕರೆಂಟು ಇರಲಿಲ್ಲ. ಸುಮ್ಮನೆ ಹೊರಗಿನ ಮೆಟ್ಟಿಲ ಮೇಲೆ ಕೂತೆ. ಸೆಕೆಗೆ ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ. ಯಾಕೋ ಮಣ್ಣೂರು ನೆನಪಾಯಿತು.

ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ, ಭೀಮಾ ನದಿಯ ದಂಡೆಯಲ್ಲಿ, ನಮಗೊಂದು ಕೋಣೆ ಇತ್ತು. ಎಪ್ಪತ್ತೇಳನೆಯ ಇಸವಿ ಇರಬೇಕು. ಆಫೀಸಿನಿಂದ ಬರುತ್ತಿದ್ದ ಅಚ್ಚು ಹಾಕಿದ ಚಿತ್ರಗಳಲ್ಲಿ ಗೌನು ಹಾಕಿದ ತಾಯಿ, ಕುರ್ಚಿಯ ಮೇಲೆ ಕೂತ ಕೂಸು. ಅವನ್ನು ತೋರಿಸಿದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಒಂದು ದಿನ ಮನೆಯಾಕೆಯೇ, "ನೀವು ಏನ್ ಹೇಳ್ಬೇಕಂತೀರಿ ಅದನ್ನ ನಂಗ ಹೇಳ್ರಿ," ಎಂದು ಕೋರಾ ಬಟ್ಟೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಕೂತಳು. ಬಟ್ಟೆಗೆ ಹಾಕುವ ನೀಲಿ, ಸುಣ್ಣ, ಕಾಡಿಗೆ, ಅಂಗಡಿಯಿಂದ ತಂದ ಬಣ್ಣದ ಪುಡಿ, ಗೋಂದು. ನಾನು ಹೇಳುತ್ತಿದ್ದೆ, ಆಕೆ ಬರೆಯುತ್ತಿದ್ದಳು. ನಾನು ಹೇಳಿದ್ದು ಉದ್ದವಾದರೆ, "ಇಷ್ಟ್ ಮಾತು ಬಟ್ಟಿ ಮ್ಯಾಲ ಹಿಡಿಯಂಗಿಲ್ಲ, ಸಣ್ಣದ ಮಾಡ್ರಿ," ಅನ್ನುತ್ತಿದ್ದಳು. ನಮ್ಮ ಮಗಳು ಶಾರದಾ ಆಗ ತೆವಳುವ ಕೂಸು. ಹಸಿ ಬಣ್ಣದ ಮೇಲೆ ತೆವಳಿ ಬಂದು ಚಿತ್ರದ ತಾಯಿಯ ಸೀರೆಯ ಮೇಲೆ ಅಂಗೈ ಒತ್ತಿಬಿಟ್ಟಿದ್ದಳು. ಆಕೆ ಅದನ್ನು ಅಳಿಸಲಿಲ್ಲ. ಬೆರಳಿಗೊಂದು ಎಸಳು ಬರೆದು ಹೂವು ಮಾಡಿದಳು.

ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವವರ ಹತ್ತಿರವೂ ಹೋಗಿ ಆ ಚಾರ್ಟು ಬಿಚ್ಚಿದ್ದುಂಟು. ಒಂದು ಕೋಲು ನಾನು ಹಿಡಿಯುತ್ತಿದ್ದೆ, ಒಂದು ಕೋಲು ಆಕೆ. ಗಾಳಿಗೆ ಬಟ್ಟೆ ಪಟಪಟ ಅನ್ನುತ್ತಿತ್ತು. ಮುಂದೆ ಆಳಂದ ಕಡೆಯ ಖಜೂರಿಗೆ ವರ್ಗವಾದಾಗ ಮಹಾರಾಷ್ಟ್ರಕ್ಕೆ ಹೋಗುವ ಲಾರಿಯವರೂ ನಿಲ್ಲಿಸಿ ನೋಡುತ್ತಿದ್ದರು. ನಾನು ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುತ್ತಿದ್ದೆ. ಚಿತ್ರ ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು.

ಕರೆಂಟು ಬಂತು. ಒಳಗೆ ಹೋದೆ. ಮತ್ತೆ ಎರಡು ಪುಟ ಕೆಟ್ಟಿದ್ದವು.

೧೨ ಜೂನ್, ಶನಿವಾರ

ತರಬೇತಿ ಚೆನ್ನಾಗಿ ಮುಗಿಯಿತು. ತಾಲೂಕಿನ ಬಹುತೇಕ ಎಲ್ಲ ಕಾರ್ಯಕರ್ತೆಯರೂ ಬಂದಿದ್ದರು. ದೀಪ ಆರಿಸಿ ಗೋಡೆಯ ಮೇಲೆ ಚಿತ್ರ ಬಿದ್ದಾಗ ಸಿನಿಮಾ ಶುರುವಾದಂತೆ ಎಲ್ಲರೂ ಸುಮ್ಮನಾದರು. ಆ ಗಳಿಗೆ ಇಷ್ಟೆಲ್ಲ ಕಷ್ಟಪಟ್ಟದ್ದು ಸಾರ್ಥಕ ಅನ್ನಿಸಿತು.

ಒಂದೇ ತೊಂದರೆ. ಸಕ್ಕರೆ-ಉಪ್ಪಿನ ಪುಟ ಬಂದಾಗ ಮುಂದಿನ ಪುಟದ ಕೂಸಿನ ಚಿತ್ರ ಮಾಯವಾದದ್ದು ನೆನಪಾಗಿ, ಅದನ್ನು ಸರಿ ಮಾಡಲು ಕಂಪ್ಯೂಟರಿನ ಮೇಲೆ ಬಗ್ಗಿ ನಿಂತೆ. ಗೋಡೆಯ ಕಡೆ ನನ್ನ ಬೆನ್ನಿತ್ತು. "ಇದನ್ನ ಹಂಗೇ ಬರಕೊಳ್ರಿ," ಎಂದು ಹೇಳಿದೆ. ಎಲ್ಲರೂ ಬರೆದುಕೊಂಡರು. ಅಷ್ಟರೊಳಗೆ ಕೂಸು ತಿರುಗಿ ಬಂತು.

ಮೇಡಂ ಎಲ್ಲರೆದುರು, "ಹಣಮಂತರಾಯರ ಕೈಯಾಗ ಕಂಪ್ಯೂಟರ್ ಪಳಗೇದ," ಎಂದರು.

ಮನೆಗೆ ಬಂದು ಇದನ್ನು ಹೇಳಿದೆ. ಮನೆಯಾಕೆ ಜೋಳದ ಹಿಟ್ಟು ನಾದುತ್ತಿದ್ದಳು. "ಛಲೋ ಆತು," ಎಂದಳು.

೧೯ ಜೂನ್, ಶನಿವಾರ

ಅಂದೋಲಾದ ಚಂದಮ್ಮ ಬಂದಿದ್ದಳು. ಈ ವರ್ಷವೇ ಅಂಗನವಾಡಿಗೆ ಸೇರಿದ ಹುಡುಗಿ. ಆಫೀಸಿನ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

"ಸರ್, ನಮ್ಮೂರ ಶಮಶಾದನ ಕೂಸಿಗಿ ಭೇದಿ ಹತ್ತಿತ್ತಂತ ನೀರು ಮಾಡಿ ಕೊಟ್ಟೀನ್ರಿ. ಕೂಸು ವಾಂತಿ ಮಾಡ್ಕೋತು. ಆಕಿ ಅತ್ತಿ ಬಾಯಿಗಿ ಹಾಕ್ಕೊಂಡು ನೋಡಿ, ಇದು ಇಸಾ ಅಂತ ಚೆಲ್ಲಿಬಿಟ್ಟಳು. ಈಗ ದವಾಖಾನ್ಯಾಗ ಹಾಕ್ಯಾರ್ರಿ."

"ಹ್ಯಾಂಗ ಮಾಡಿದ್ದಿ?"

"ನೀವು ಗ್ವಾಡಿ ಮ್ಯಾಲ ತೋರ್ಸಿದಂಗೇ ಮಾಡೀನ್ರಿ. ಉಪ್ಪು ಆರು ಚಮಚ. ಸಕ್ಕರಿ ಮುಂದ ಏನೂ ಇರಲಿಲ್ಲ. ಕೆಳಗ ಅರ್ಧ ಚಮಚ ಅಂತ ಇತ್ತು, ಅದು ಸಕ್ಕರೀದು ಅಂತ ತಿಳ್ಕೊಂಡೆ."

ಕಂಪ್ಯೂಟರ್ ಹಚ್ಚಿ, ಅವತ್ತು ತೋರಿಸಿದ ಹಾಗೆಯೇ ಗೋಡೆಯ ಮೇಲೆ ಹಾಕಿ ನೋಡಿದೆ. ಸಕ್ಕರೆಯ ಬಟ್ಟಲು, ಅದರ ಕೆಳಗೆ ಉಪ್ಪಿನ ಬಟ್ಟಲು. ಅಳತೆಗಳು ಒಂದು ಸಾಲು ಕೆಳಗೆ ಜಾರಿವೆ. ಸಕ್ಕರೆಯ ಮುಂದಿರಬೇಕಾದ ಆರು ಚಮಚ ಉಪ್ಪಿನ ಮುಂದೆ ಬಂದಿದೆ. ಉಪ್ಪಿನ ಅರ್ಧ ಚಮಚ ಯಾರದೂ ಅಲ್ಲದೆ ಕೆಳಗೆ ಬಿದ್ದಿದೆ.

ಮೇಡಂ ತಕ್ಷಣ ಎಲ್ಲ ಹಳ್ಳಿಗಳಿಗೂ ಜನ ಕಳಿಸಿದರು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಆಕೆ ಒಂದೇ ಮಾತು ಕೇಳಿದಳು.

"ನೀವು ಬಾಯಿಲೆ ಹೇಳಲಿಲ್ಲೇನ್ರಿ?"

೨೦ ಜೂನ್, ಭಾನುವಾರ

ಬೆಳಿಗ್ಗೆ ದವಾಖಾನೆಗೆ ಹೋದೆ. ಕೂಸು ಗಂಡು, ವರ್ಷ ತುಂಬಿಲ್ಲ. ಕಣ್ಣು ಒಳಗೆ ಹೋಗಿವೆ, ತುಟಿ ಒಣಗಿವೆ. ಕಾಲಿಗೆ ಸಲೈನ್ ಹಾಕಿದ್ದಾರೆ. ಡಾಕ್ಟರು ಹೇಳಿದರು: ಆ ಉಪ್ಪುನೀರು ಎರಡು ಮೂರು ಚಮಚ ಹೋಗಿದ್ದೀತು, ಅದೂ ವಾಂತಿಯಲ್ಲಿ ಬಂದಿದೆ. ಕೆಟ್ಟದ್ದಾದದ್ದು ಆಮೇಲೆ. ಮನೆಯವರು ಹೆದರಿ ದಿನವಿಡೀ ಒಂದು ಹನಿ ನೀರೂ ಕೊಟ್ಟಿಲ್ಲ.

ಶಮಶಾದಳ ಅತ್ತೆ ನನ್ನನ್ನು ಗುರುತು ಹಿಡಿದಳು. "ಚಂದಮ್ಮಗ ಕಲಿಸಿದವರು ನೀವೇ ಅಲ್ಲೇನ್ರಿ?" ಎಂದಳು.

ಹೌದು ಎಂದೆ. ಆಕೆ ಮುಖ ತಿರುಗಿಸಿದಳು. ಬೈದಿದ್ದರೆ ನಿಲ್ಲುತ್ತಿದ್ದೆನೋ ಏನೋ. ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತೆ.

ಸ್ವಲ್ಪ ಹೊತ್ತಿಗೆ ಮನೆಯಾಕೆ, ಗುರುಬಾಯಿ, ಬರುವುದು ಕಾಣಿಸಿತು. ನಾನು ಕರೆದಿರಲಿಲ್ಲ. ಕೈಯಲ್ಲಿ ಗಂಜಿಯ ಡಬ್ಬಿ, ಅತ್ತೆ-ಸೊಸೆಗೆ ರೊಟ್ಟಿ. ನನ್ನ ಹತ್ತಿರ ನಿಲ್ಲದೆ ನೇರ ಒಳಗೆ ಹೋದಳು. ಕಿಟಕಿಯಿಂದ ನೋಡಿದೆ. ಶಮಶಾದಳ ಪಕ್ಕ ಕೂತು, ಸೆರಗಿನಿಂದ ಕೂಸಿಗೆ ಗಾಳಿ ಹಾಕುತ್ತಿದ್ದಳು. ಶಮಶಾದ ಏನೋ ಹೇಳುತ್ತ ಅತ್ತಳು. ಗುರುಬಾಯಿ ಗಾಳಿ ಹಾಕುವುದನ್ನು ನಿಲ್ಲಿಸಲಿಲ್ಲ.

ಸಂಜೆ ಇಬ್ಬರೂ ನಡೆದುಕೊಂಡೇ ಬಂದೆವು. ಹೀಗೆ ಜೊತೆಯಲ್ಲಿ ನಡೆದು ಬಹಳ ದಿನವಾಗಿತ್ತು. ಆಕೆಗೆ ಮೊಣಕಾಲು ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಯಾವಾಗಿನಿಂದ ಎಂದು ಕೇಳಿದರೆ, "ಹ್ವಾದ ವರ್ಷದಿಂದ," ಎಂದಳು.

೨೧ ಜೂನ್

ಕೂಸು ಕಣ್ಣು ಬಿಟ್ಟಿದೆ. ಮೂತ್ರ ಮಾಡಿದೆ. ಡಾಕ್ಟರು ಅಪಾಯವಿಲ್ಲ ಎಂದರು.

೨೩ ಜೂನ್, ಬುಧವಾರ

ಎಲ್ಲ ಹಳ್ಳಿಗಳಿಂದ ಸುದ್ದಿ ಬಂತು. ಹಳೆಯ ಕಾರ್ಯಕರ್ತೆಯರು ಗೋಡೆಯ ಮೇಲಿನದು ತಪ್ಪೆಂದು ಅವತ್ತೇ ಅರಿತು, ತಮಗೆ ಗೊತ್ತಿದ್ದದ್ದನ್ನೇ ಬರೆದುಕೊಂಡಿದ್ದರಂತೆ. ಸರ್ ಖುಷಿಯಲ್ಲಿದ್ದರು, ಯಾಕೆ ಹೇಳುವುದೆಂದು ಸುಮ್ಮನಿದ್ದರಂತೆ. ಹೊಸಬರಲ್ಲಿ ಇನ್ನಿಬ್ಬರು ತಪ್ಪು ಬರೆದುಕೊಂಡಿದ್ದರು, ಆದರೆ ಯಾರಿಗೂ ಕೊಟ್ಟಿರಲಿಲ್ಲ.

ಮೇಡಂ ವರದಿ ಬರೆಯುತ್ತಿದ್ದರು. "ಏನಂತ ಬರೀಲ್ರಿ?" ಎಂದು ಕೇಳಿದರು.

"ನಂದೇ ತಪ್ಪು ಅಂತ ಬರೀರಿ. ಅಕ್ಷರ ಜಾರಿದ್ದು ಪ್ರೋಗ್ರಾಮಿನಿಂದ. ನೋಡಲಾರದೇ ತೋರಿಸಿದವ ನಾನು."

ಅವರು ಹಾಗೆಯೇ ಬರೆದು ಕೇಳಿದರು: "ಅಂದೋಲಾದಾಗ ಈಗ ಯಾರೂ ಆ ನೀರು ಮುಟ್ಟವಲ್ಲರಂತ. ನಿನ್ನೆ ಇನ್ನೆರಡು ಕೂಸಿಗೆ ಭೇದಿ ಹತ್ತೇದ. ಚಂದಮ್ಮನ ಮನಿ ಮುಂದ ಹಾಯ್ದು ಹೋಗೋದೂ ಬಿಟ್ಟಾರ. ಏನ್ ಮಾಡೋಣು?"

ಮನೆಯಲ್ಲಿ ಇದನ್ನು ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿದೆ. ಗುರುಬಾಯಿ ಎದ್ದು ಹೋಗಿ ಟ್ರಂಕು ಎಳೆದಳು. "ಜರಾ ಹಿಡೀರಿ," ಎಂದಳು. ಇಬ್ಬರೂ ಸೇರಿ ಚಾರ್ಟು ಬಿಚ್ಚಿ ಪಡಸಾಲೆಯಲ್ಲಿ ಹಾಸಿದೆವು. ಮಡಿಕೆಯಲ್ಲಿ ಬಣ್ಣ ಸ್ವಲ್ಪ ಉದುರಿದೆ. ಉಳಿದಂತೆ ಎಲ್ಲ ಹಾಗೇ ಇದೆ. ಒಂದು ಲೀಟರ್ ನೀರು ಕಾಯಿಸುವುದು, ಆರಿಸುವುದು, ಸಕ್ಕರೆಯ ಆರು ಚಮಚ ಒಂದರ ಪಕ್ಕ ಒಂದು, ಉಪ್ಪಿಗೆ ಅರ್ಧವಷ್ಟೇ ತುಂಬಿದ ಒಂದೇ ಚಮಚ. ಕೊನೆಯ ಚಿತ್ರದಲ್ಲಿ ತಾಯಿ ನೀರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತಿದ್ದಾಳೆ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಬೇಕು, ಮತ್ತೆ ಮಾಡಬೇಕು.

ಅದೊಂದು ಚಿತ್ರವನ್ನು ನಾನು ಕಂಪ್ಯೂಟರಿಗೆ ಹಾಕಿರಲಿಲ್ಲ. ಪುಟದಲ್ಲಿ ಜಾಗ ಹಿಡಿದಿರಲಿಲ್ಲ.

ಗುರುಬಾಯಿ ಗೋಂದು ಕಲಸಿ, ಉದುರಿದ ಕಡೆ ಬಣ್ಣ ಹಚ್ಚಿದಳು. ಮೊದಲಿನ ಹಾಗೆ ಕುಂಚವನ್ನು ಎಡಗೈಯ ಉಗುರಿಗೆ ಒತ್ತಿ ಮೊನೆ ಮಾಡುತ್ತಾಳೆ.

"ಒಂದು ಕೋಲು ನಾ ಹಿಡೀತೀನಿ," ಎಂದೆ.

"ಮತ್ತ ನಾ ಒಬ್ಬಾಕೀನೇ ಎರಡೂ ಹಿಡೀಲೇನು?" ಎಂದಳು.

೨೭ ಜೂನ್, ಭಾನುವಾರ

ಅಂದೋಲಾಕ್ಕೆ ಹೋಗಿ ಬಂದೆವು. ಇದನ್ನು ವಿವರವಾಗಿ ಬರೆದಿಡಬೇಕು.

ಶಮಶಾದಳ ಮನೆಯ ಓಣಿ. ಮಳೆ ಬಂದು ಹೋಗಿತ್ತು, ಕಪ್ಪು ಮಣ್ಣು ಚಪ್ಪಲಿಗೆ ಮೆತ್ತುತ್ತಿತ್ತು. ಚಂದಮ್ಮ ಮನೆಮನೆಗೆ ಹೋಗಿ ಕರೆದರೂ ಮೊದಲು ಯಾರೂ ಬರಲಿಲ್ಲ, ಬಾಗಿಲಲ್ಲೇ ನಿಂತು ನೋಡಿದರು. ನಾವಿಬ್ಬರೂ ಕಟ್ಟೆಯ ಮೇಲೆ ನಿಂತು ಚಾರ್ಟು ಬಿಚ್ಚಿದೆವು.

ನಾನು ಮೊದಲೇ ಹೇಳಿಬಿಟ್ಟೆ. "ಚಂದಮ್ಮಂದು ಏನೂ ತಪ್ಪಿಲ್ರಿ. ನಾ ಗ್ವಾಡಿ ಮ್ಯಾಲ ತೋರಿಸಿದ್ದೇ ತಪ್ಪಿತ್ತು. ಆಕಿ ನಾ ಹೇಳಿದಂಗ ಮಾಡ್ಯಾಳ. ಬಯ್ಯೋದಿದ್ರ ನಂಗ ಬಯ್ರಿ."

ಚಂದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಗ ಶಮಶಾದಳ ಅತ್ತೆ ಒಳಗಿನಿಂದ ಬಂದಳು. ಚಾರ್ಟಿನ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಬರೆದ ಕೂಸಿನ ಗಲ್ಲದ ಮೇಲೆ ಬೆರಳಿಟ್ಟಳು.

"ಈ ಕೂಸು ನಂಗ ಗೊತ್ತದ. ನನ್ನ ಪೀರಸಾಬ ಸಣ್ಣಾಂವ ಇದ್ದಾಗ ಮಣ್ಣೂರಾಗ ನನ್ನ ತವರುಮನಿಗಿ ಒಬ್ಬಾಕಿ ಇದನ್ನ ತಂದು ತೋರಿಸಿದ್ಳು. ಅವಂಗೂ ಭೇದಿ ಹತ್ತಿತ್ತು."

"ನಾನೇ ರೀ ಅದು," ಎಂದಳು ಗುರುಬಾಯಿ.

ಮುದುಕಿ ಆಕೆಯ ಮುಖ ನೋಡಿದಳು. "ಅವತ್ತ ನಿನ್ನ ಕೂದಲಾ ಕರ್ರಗಿದ್ವು," ಎಂದಳು.

ಓಣಿಯ ಹೆಂಗಸರು ನಕ್ಕರು. ಎಂಟು ದಿನದಲ್ಲಿ ನಾನು ಕೇಳಿದ ಮೊದಲ ನಗೆ. ಗುರುಬಾಯಿ ಕೋಲನ್ನು ಚಂದಮ್ಮನ ಕೈಗೆ ಕೊಟ್ಟು ಕೆಳಗಿಳಿದಳು. ಕಾಸಿ ಆರಿಸಿದ ಒಂದು ಲೀಟರ್ ನೀರು ತರಿಸಿದಳು. ಚಮಚ ಎತ್ತಿ ಎಲ್ಲರಿಗೂ ತೋರಿಸಿ ಸಕ್ಕರೆ ಹಾಕಿದಳು, ಪ್ರತಿ ಸಲವೂ ಹೆಂಗಸರು ತಾವೇ ಎಣಿಸಿದರು. ಅರ್ಧ ಚಮಚ ಉಪ್ಪು ಹಾಕುವಾಗ ಮುದುಕಿಯೇ ಹತ್ತಿರ ಬಂದು ಬಗ್ಗಿ ನೋಡಿದಳು. ಕಲಸಿದ ಮೇಲೆ ಗುರುಬಾಯಿ ಮೊದಲು ತನ್ನ ಅಂಗೈಗೆ ಹಾಕಿಕೊಂಡು ಕುಡಿದಳು. ಆಮೇಲೆ ಮುದುಕಿಯ ಅಂಗೈಗೆ ಹಾಕಿದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಹಾಂ. ಹಿಂಗ ಇರಬೇಕು," ಎಂದು ಮುದುಕಿ ಸೊಸೆಯನ್ನು ಕರೆದಳು. "ಶಮಶಾದ, ಕೂಸಿನ್ನ ತಗೊಂಬಾ."

ಕೂಸನ್ನು ಎತ್ತಿಕೊಂಡು ಬಂದವನು ಮಾತ್ರ ಅದರ ತಂದೆ ಪೀರಸಾಬ. ಶಮಶಾದ ಬಟ್ಟಲು ಹಿಡಿದಳು, ಅವನು ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಚಮಚದಿಂದ ಕುಡಿಸಿದ. ಕೂಸು ಚಪ್ಪರಿಸಿತು. ಭೇದಿ ಹತ್ತಿದ ಇನ್ನೆರಡು ಕೂಸುಗಳ ತಾಯಂದಿರೂ ತಂಬಿಗೆ ತಂದರು. ಒಬ್ಬಾಕೆ ಚಂದಮ್ಮನಿಗೇ, "ನೀನೇ ಬಂದು ಮಾಡಿಕೊಡು ಬಾರ ಬೇ," ಎಂದು ಕರೆದುಕೊಂಡು ಹೋದಳು.

ಚಂದಮ್ಮ ಕೊಟ್ಟು ಹೋದ ಕೋಲೂ ಸೇರಿ, ನಾನು ಕಟ್ಟೆಯ ಮೇಲೆ ಎರಡೂ ಕೋಲು ಹಿಡಿದು ನಿಂತಿದ್ದೆ. ಕೈ ಸೋತಿತ್ತು, ಆದರೆ ಇಳಿಸಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಗುರುಬಾಯಿ ಕಿಟಕಿಯ ಪಕ್ಕ ಕೂತು ನಿದ್ದೆ ಹೋದಳು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣವಿತ್ತು.

೫ ಜುಲೈ, ಸೋಮವಾರ

ಅಬ್ದುಲ್ ಗನಿ ಬಂದು ಹಳೆಯ ಪ್ರೋಗ್ರಾಂ ತಿರುಗಿ ಹಾಕಿದ. ಒತ್ತಕ್ಷರ ಎಲ್ಲ ಸ್ಥಾನಕ್ಕೆ ಬಂದಿವೆ. ಪಾಪ, ನಡೆದದ್ದು ಕೇಳಿ ಚಹಾ ಕೂಡ ಕುಡಿಯದೆ ಬಸ್ಸಿಗೆ ಹೋದ.

ಮೇಡಂಗೆ ಒಂದು ವಿಚಾರ ಹೊಳೆದಿದೆ. ಗುರುಬಾಯಿಯ ಚಾರ್ಟಿನ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಹಾಕೋಣ, ಅಕ್ಷರ ಜಾರಿದರೂ ಚಿತ್ರ ಹೇಳುತ್ತದೆ ಎಂದರು. ಸಂಜೆ ಅವರೇ ಮನೆಗೆ ಬಂದು ಕೇಳಿದರು. ಗುರುಬಾಯಿ ಚಹಾ ಕೊಟ್ಟು ಹೇಳಿದಳು:

"ಆ ಹಳೇದು ಬ್ಯಾಡ್ರಿ ಮೇಡಂ. ಅದರಾಗಿನ ಬೋರಿಂಗ್ ಈಗ ಎಲ್ಲದ? ಓಣಿ ಓಣಿಗಿ ನಳ ಬಂದಾವ. ಆ ಸೀರಿ ಯಾರ್ ಉಡ್ತಾರ? ನಂಗ ಬಟ್ಟಿ ಕೊಡಿಸ್ರಿ. ಹೊಸಾದು ಬರೀತೀನಿ."

ನಾನು ಆ ಹಳೆಯದನ್ನೇ ತೋರಿಸಬೇಕೆಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಮಣ್ಣೂರಿನ ಉಸುಕು, ಶಾರದಾಳ ಅಂಗೈ, ಎಲ್ಲ ಅದರಲ್ಲೇ ಇವೆ. ಆದರೆ ಬರೆಯುವವಳು ಆಕೆ.

ಮೇಡಂ ಹೋದ ಮೇಲೆ ಮೊಣಕಾಲಿಗೆ ಹಚ್ಚುವ ಎಣ್ಣೆ ತಂದೆ.

೧೧ ಜುಲೈ, ಭಾನುವಾರ

ಕೋರಾ ಬಟ್ಟೆ ಬಂದಿದೆ. ನಿನ್ನೆಯಿಂದ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಹೇಳುತ್ತೇನೆ, ಆಕೆ ಬರೆಯುತ್ತಾಳೆ. ನಿಜ ಹೇಳಬೇಕೆಂದರೆ ಈಗ ಆಕೆಯೇ ಹೆಚ್ಚು ಹೇಳುತ್ತಾಳೆ.

ಹೊಸ ಚಾರ್ಟಿನಲ್ಲಿ ಕೂಸಿಗೆ ನೀರು ಕುಡಿಸುವವನು ತಂದೆ. ಅಂದೋಲಾದಲ್ಲಿ ಪೀರಸಾಬನನ್ನು ನೋಡಿದಾಗಲೇ ತಲೆಗೆ ಬಂತಂತೆ. ಇಷ್ಟು ವರ್ಷ ತಾಯಿಯನ್ನೇ ಬರೆದೆ, ಗಂಡಸರು ಚಾರ್ಟಿನ ಹಿಂದೆ ಕೋಲು ಹಿಡಿದು ನಿಂತೇ ಉಳಿದರು, ಅಂದಳು.

ಆ ತಂದೆಯ ಚಿತ್ರಕ್ಕೆ ಮಾದರಿ ನಾನೇ. ನನ್ನ ತೊಡೆಯ ಮೇಲೆ ಟವೆಲ್ ಸುತ್ತಿ ಮಾಡಿದ ಕೂಸು ಮಲಗಿದೆ. ಬಲಗೈಯಲ್ಲಿ ಚಮಚ ಹಿಡಿದೇ ಇರಬೇಕು. ಆಕೆ ಬಣ್ಣ ಕಲಸುವ ತನಕ ಬಿಡುವೆಂದು ಅದನ್ನು ಕೆಳಗಿಟ್ಟು ಇಷ್ಟು ಬರೆದೆ.

"ಬರಿಯೋದು ಸಾಕು ಮಾಡ್ರಿ," ಅನ್ನುತ್ತಿದ್ದಾಳೆ. "ಕೈ ಅಳ್ಳಾಡಬಾರದು."